ಮೇಜಿನ ಮೇಲಿನ ಬಾಣ

ಬರ್ಗ್‌ಟಾಲ್, ಕ್ಯಾನ್ಸಸ್
ಮಂಗಳವಾರ, ಫೆಬ್ರವರಿ ೧೮, ೨೦೨೫

ಪ್ರೀತಿಯ ತಂಗಿ ಟ್ವೈಲಾಗೆ,

ಹೇಗಿದ್ದೀಯ? ಸೊಂಟದ ಆಪರೇಷನ್ ಆಯಿತೆಂದು ಕೇಳಿದೆ. ನಿನ್ನ ಬಾಯಿಂದಲ್ಲ, ಗೋಧಿ ಗೋದಾಮಿಗೆ ಬರುವ ನಿಮ್ಮೂರಿನ ಲಾರಿಯವನ ಬಾಯಿಂದ. ಒಡಹುಟ್ಟಿದವಳ ಸೊಂಟದ ಸುದ್ದಿಯನ್ನು ಲಾರಿಯವನು ಹೇಳಬೇಕಾಯಿತಲ್ಲ ಎಂದು ಆ ದಿನವೆಲ್ಲ ಮನಸ್ಸು ಪಿಚ್ಚೆನ್ನುತ್ತಿತ್ತು. ಮೆಟ್ಟಿಲು ಹತ್ತುತ್ತೀಯಾ? ಕೋಲು ಹಿಡಿಯಬೇಕಾಗಿದೆಯೇ? ಹಿಡಿಯಬೇಕಾಗಿದ್ದರೆ ನಾಚಿಕೆ ಪಡಬೇಡ, ಅಪ್ಪ ಕೋಲು ಹಿಡಿಯಲು ಒಪ್ಪದೆ ದನದ ಕೊಟ್ಟಿಗೆಯಲ್ಲಿ ಎರಡು ಸಲ ಬಿದ್ದದ್ದು ನಿನಗೆ ನೆನಪಿರಬೇಕು. ಹಟದಲ್ಲಿ ನೀನು ಅಪ್ಪನ ಮಗಳೇ. ನಾನು ಚೆನ್ನಾಗಿದ್ದೇನೆ. ಎಡಗಿವಿ ಪೂರ್ತಿ ಹೋಗಿದೆ. ನಿನ್ನ ಅತ್ತಿಗೆ ಮೆಲ್ವಾ ಹೇಳುವ ಪ್ರಕಾರ ಬಲಗಿವಿಯೂ ಅವಳು ಮಾತಾಡುವಾಗ ಮಾತ್ರ ಕೆಲಸ ಮಾಡುವುದಿಲ್ಲ. ಅವಳು ನಿನಗೆ ಒಂದು ಡಬ್ಬಿ ಏಪ್ರಿಕಾಟ್ ಜಾಮ್ ಎತ್ತಿಟ್ಟಿದ್ದಾಳೆ. ಆರು ವರ್ಷದಿಂದ ಪ್ರತಿ ಬೇಸಿಗೆಯಲ್ಲೂ ಒಂದು ಡಬ್ಬಿ ಎತ್ತಿಡುತ್ತಾಳೆ, ಚಳಿಗಾಲ ಮುಗಿಯುವಾಗ ನಾವೇ ತಿನ್ನುತ್ತೇವೆ. ನಿನ್ನ ಪಾಲಿನದೆಂದು ಗೊತ್ತಿರುವುದರಿಂದ ಅದು ನನಗೆ ಅಷ್ಟಾಗಿ ರುಚಿಸುವುದಿಲ್ಲ.

ಇಲ್ಲಿಂದ ನಿಮ್ಮ ಲಿಂಡ್‌ಹೋಮ್‌ಗೆ ಮೂವತ್ತೊಂದು ಮೈಲಿ. ಕಾರಿನಲ್ಲಿ ಕೂತರೆ ಒಂದು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ನಿನ್ನ ಬಾಗಿಲಲ್ಲಿರುತ್ತೇನೆ. ಆದರೂ ಪರದೇಶಕ್ಕೆ ಬರೆದ ಹಾಗೆ ಅಂಚೆಚೀಟಿ ಹಚ್ಚಿ ಬರೆಯುತ್ತಿದ್ದೇನೆ, ಏಕೆಂದರೆ ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೂ ನನಗೆ ಸರಿಯಾಗಿ ಕೇಳಿಸುವುದಿಲ್ಲ. ಕಾಗದವೇ ವಾಸಿ. ನಡುವೆ ಬಾಯಿ ಹಾಕಲು ನಿನಗೂ ಆಗುವುದಿಲ್ಲ!

ನಮ್ಮ ಕಾಲೇಜುಗಳ ಆಟದ ಒಕ್ಕೂಟ ಈ ಶನಿವಾರಕ್ಕೆ ಮುಗಿಯುತ್ತದೆಂದು ನಿನಗೂ ತಿಳಿದಿರುತ್ತದೆ. ನನಗೂ ತಿಳಿಸಿದ್ದಾರೆ, ಆದರೆ ತಿಳಿದಿದೆ ಎಂದು ಹೇಳುವ ಧೈರ್ಯ ಇಲ್ಲ. ನಾವು ಚಿಕ್ಕವರಿದ್ದಾಗ ಗೋಧಿಸೀಮೆ ಕಾಲೇಜು ಒಕ್ಕೂಟದ ಎಂಟು ಹೆಸರುಗಳನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದೆವು. ಎಂಟು ಊರು, ಎಂಟು ಚರ್ಚು, ಎಂಟು ಕಾಲೇಜು, ಎಂಟು ಬಣ್ಣದ ಅಂಗಿ. ಯಾರ ಊರಿಗೆ ಹೋದರೂ ಮಧ್ಯಾಹ್ನ ಹೊರಟು ಆಟ ಆಡಿ ರಾತ್ರಿ ಊಟಕ್ಕೆ ಮನೆಗೆ ಬರಬಹುದಿತ್ತು. ಈಗ ನೋಡು. ಒಂದು ಕಾಲೇಜು ಮುಚ್ಚಿತು, ಅದರ ಜಿಮ್‌ನಲ್ಲಿ ಟ್ರ್ಯಾಕ್ಟರ್ ಬಿಡಿಭಾಗ ಮಾರುತ್ತಾರೆ. ಎರಡು ಕಾಲೇಜುಗಳು ದೊಡ್ಡವರ ಒಕ್ಕೂಟಕ್ಕೆ ಹೋದವು. ಇನ್ನೊಂದು ಬ್ಯಾಸ್ಕೆಟ್‌ಬಾಲ್‌ಗೆ ನಮ್ಮ ಜೊತೆ, ಫುಟ್‌ಬಾಲ್‌ಗೆ ಬೇರೆಯವರ ಜೊತೆ, ಊಟ ಇಲ್ಲಿ ನಿದ್ದೆ ಅಲ್ಲಿ ಎನ್ನುವ ಅಳಿಯನ ಹಾಗೆ. ಲೆಕ್ಕ ತುಂಬಿಸಲು ಅರಿಜೋನಾದ ಒಂದು ಕಾಲೇಜನ್ನು ಸೇರಿಸಿಕೊಂಡರು. ಅಲ್ಲಿ ಗೋಧಿಯೇ ಬೆಳೆಯುವುದಿಲ್ಲವಂತೆ. ನಮ್ಮ ಹುಡುಗರು ಹದಿನಾಲ್ಕು ಗಂಟೆ ಬಸ್ಸಿನಲ್ಲಿ ಹೋಗಿ, ನಲವತ್ತು ಅಂಕದಿಂದ ಸೋತು, ಹದಿನಾಲ್ಕು ಗಂಟೆ ಬಸ್ಸಿನಲ್ಲಿ ವಾಪಸು ಬಂದರು. ನಮ್ಮ ಕ್ರೀಡಾ ವಿಭಾಗದ ಹೊಸ ಮುಖ್ಯಸ್ಥೆ ಕೇಲಿನ್ ಡರ್ಕ್ಸನ್ ಎಂಬ ಹುಡುಗಿ ಇದನ್ನೆಲ್ಲ ಬಣ್ಣದ ಚುಕ್ಕಿಗಳ ನಕ್ಷೆ ಹಿಡಿದು ನನಗೆ ವಿವರಿಸಿದಳು. ಕೊನೆಗೆ "ಈಗ ಅರ್ಥ ಆಯ್ತಲ್ವಾ ಆರ್ಲೋ?" ಅಂದಳು. ನಾನು ಹೂಂ ಅಂದೆ. ಪಾಪ, ಅಷ್ಟು ಹೊತ್ತು ಹೇಳಿದ್ದಾಳೆ.

ಅದಾದರೂ ಹೋಗಲಿ. ಮುಂದಿನ ಆಗಸ್ಟ್‌ನಿಂದ ನಿಮ್ಮ ಕಾಲೇಜು ನಮ್ಮ ಕಾಲೇಜು ಸೇರಿ ಒಂದೇ ಕಾಲೇಜು ಎಂದು ಎರಡೂ ಕಡೆಯ ಮಂಡಳಿಯವರು ಸಹಿ ಹಾಕಿದ್ದಾರಲ್ಲ, ಅದನ್ನು ನಾನು ಎಲ್ಲಿಟ್ಟುಕೊಳ್ಳಲಿ? ಹೆಸರು ಬರ್ಗ್‌ಟಾಲ್-ಲಿಂಡ್‌ಹೋಮ್ ಎಂದು ನಾವು, ಲಿಂಡ್‌ಹೋಮ್-ಬರ್ಗ್‌ಟಾಲ್ ಎಂದು ನೀವು. ಎತ್ತು ಏರಿಗೆ, ಕೋಣ ನೀರಿಗೆ. ಅಂಗಿಯ ಬಣ್ಣ ನಮ್ಮ ಕೆಂಪೂ ಅಲ್ಲ, ನಿಮ್ಮ ನೀಲಿ-ಹಳದಿಯೂ ಅಲ್ಲ, ಒಂದು ಥರದ ಬೂದಿ. ನಮ್ಮ ನೇಗಿಲೂ ಬೇಡ, ನಾವು ಬಾತುಕೋಳಿ ಎಂದು ಹಂಗಿಸುತ್ತಿದ್ದ ನಿಮ್ಮ ಹಂಸವೂ ಬೇಡ, ತಂಡದ ಹೆಸರು 'ಬಿರುಗಾಳಿ' ಎಂದು ಸಮಿತಿ ತೀರ್ಮಾನಿಸಿದೆ. ವರ್ಷಕ್ಕೆ ಮೂರು ಸಲ ಚಾವಣಿ ಹಾರಿಸಿಕೊಂಡು ಹೋಗುವುದಕ್ಕೆ ಚಪ್ಪಾಳೆ ಬೇರೆ ತಟ್ಟಬೇಕೇ? ಅರವತ್ತೈದು ವರ್ಷ ಲಿಂಡ್‌ಹೋಮ್ ಸೋಲಲಿ ಎಂದು ಹಾರೈಸಿದವನು ನಾನು. ಬರುವ ವರ್ಷ ಅದೇ ಬಾಯಲ್ಲಿ ಯಾರು ಸೋಲಲಿ ಎನ್ನಬೇಕೋ ತಿಳಿಯುತ್ತಿಲ್ಲ. ಅಪ್ಪ ಬದುಕಿದ್ದರೆ ಏನು ಹೇಳುತ್ತಿದ್ದರೋ. ನೀನು ನೆಲ್ಸ್‌ನನ್ನು ಮೊದಲ ಸಲ ಮನೆಗೆ ಕರೆತಂದ ಭಾನುವಾರ ನೆನಪಿದೆಯೇ? ಅಪ್ಪ ಗಿಣ್ಣಿನ ಕಡುಬಿನ ತಟ್ಟೆಯನ್ನು ಅವನ ಕಡೆ ನೂಕಿ, "ನೀನು ಲೂಥರನ್ ಚರ್ಚಿನೋನು ಅನ್ನೋದನ್ನ ಹೇಗೋ ಸಹಿಸ್ಕೋತೀನಪ್ಪ. ಲಿಂಡ್‌ಹೋಮ್ ತಂಡದೋನು ಅಂತ ಮಾತ್ರ ಊರಲ್ಲಿ ಯಾರ ಹತ್ರಾನೂ ಹೇಳ್ಬೇಡ" ಎಂದಿದ್ದರು. ನೆಲ್ಸ್ ಒಂಬತ್ತು ಕಡುಬು ತಿಂದ. ಆಮೇಲೆ ಅಪ್ಪನೇ ಅವನಿಗೆ ಕಾಫಿ ಬಗ್ಗಿಸಿದರು.

ಈಗ ಕಾಗದ ಬರೆಯಲು ಕೂತ ವಿಷಯಕ್ಕೆ ಬರುತ್ತೇನೆ. ಶನಿವಾರ ಒಕ್ಕೂಟದ ಕೊನೆಯ ಬ್ಯಾಸ್ಕೆಟ್‌ಬಾಲ್ ಆಟ ನಿಮ್ಮ ಜಿಮ್‌ನಲ್ಲಿ, ನಿಮಗೂ ನಮಗೂ. ಈಚೆಗೆ ಎಲ್ಲ ಕಂಪ್ಯೂಟರಿನಲ್ಲೇ ಬರೆಯುತ್ತಾರೆ, ಆದರೆ ಕೊನೆಯ ಆಟವಾದ್ದರಿಂದ ಹಳೆಯ ಪದ್ಧತಿಯಂತೆ ಕಾಗದದ ಪುಸ್ತಕದಲ್ಲಿ ಅಂಕ ಬರೆಯಬೇಕೆಂದು ಕೇಲಿನ್ ಆಸೆಪಟ್ಟಿದ್ದಾಳೆ. ನಮ್ಮ ಪುಸ್ತಕಕ್ಕೆ ನಾನು. ನಿಮ್ಮ ಪುಸ್ತಕಕ್ಕೆ ನೀನು ಬರುತ್ತೀಯೋ ಇಲ್ಲವೋ ಅವಳಿಗೆ ತಿಳಿಯದು. ಎರಡು ಸಲ ಫೋನ್ ಮಾಡಿದಳಂತೆ, ನೀನು "ನೋಡೋಣ" ಎಂದು ಇಟ್ಟೆಯಂತೆ. ನಿನ್ನ "ನೋಡೋಣ" ಎಂದರೆ ಏನೆಂದು ನನಗೆ ಗೊತ್ತು, ಅವಳಿಗೆ ಹೇಳಲಿಲ್ಲ. ಟ್ವೈಲಾ, ಬಾ. ಬರುವ ವರ್ಷ ಕಾಲೇಜು ಒಂದು, ಪುಸ್ತಕ ಒಂದು, ಕುರ್ಚಿ ಒಂದು. ನಾವಿಬ್ಬರೂ ಅಕ್ಕಪಕ್ಕ ಕೂರಲು ಈ ಶನಿವಾರ ಬಿಟ್ಟರೆ ಇನ್ನೊಂದು ಶನಿವಾರ ಇಲ್ಲ.

ಇಪ್ಪತ್ತೆರಡು ವರ್ಷ ಕೂತಿದ್ದೆವು, ಲೆಕ್ಕ ಹಾಕಿದ್ದೀಯಾ? ಮೊದಲ ದಿನವೇ ನೀನು ಪೆನ್ನು ತೆಗೆದು, "ಈ ಮೇಜಿನ ಹತ್ರ ನಾನು ನಿನ್ ತಂಗಿ ಅಲ್ಲ, ತಿಳ್ಕೋ" ಎಂದೆ. ಐದೇ ನಿಮಿಷಕ್ಕೆ "ಅಣ್ಣಾ, ಪೆಪ್ಪರ್‌ಮಿಂಟ್ ಇದ್ಯಾ?" ಎಂದು ಕೈ ಚಾಚಿದೆ. "ಮೂವತ್ತೆರಡನೇ ನಂಬರಿಗೆ ಮೂರನೇ ಫೌಲು, ಬರ್ಕೊಂಡ್ಯಾ?" ಎಂದು ನಾನು ಕೇಳಿದರೆ, "ಬರ್ಕೊಂಡೆ, ನಿನ್ ಹಾಗೆ ನಿದ್ದೆ ಹೊಡೀತಿಲ್ಲ" ಎನ್ನುವೆ. ಮೇಜಿನಲ್ಲಿ ಕೂತವರು ಯಾರ ಪರವಾಗಿಯೂ ಕೂಗಬಾರದು, ಚಪ್ಪಾಳೆ ತಟ್ಟಬಾರದು ಎಂಬ ನಿಯಮ ಇದೆಯಲ್ಲ, ಅದನ್ನು ನೀನು ಒಂದು ದಿನವೂ ಮುರಿಯಲಿಲ್ಲ. ನಮ್ಮವರು ಬುಟ್ಟಿಗೆ ಚೆಂಡು ಹಾಕಿದಾಗಲೆಲ್ಲ ಮೇಜಿನ ಕೆಳಗೆ ನನ್ನ ತೊಡೆ ಚಿವುಟುತ್ತಿದ್ದೆ, ಅಷ್ಟೆ. ನಾವು ಗೆದ್ದ ದಿನ ಮೆಲ್ವಾ ನನ್ನ ತೊಡೆ ನೋಡಿಯೇ ಅಂಕ ಹೇಳುತ್ತಿದ್ದಳು.

ಆಮೇಲೆ ೨೦೧೯ರ ಆ ಶನಿವಾರ ಬಂತು. ಅದನ್ನು ಬರೆಯದೆ ಈ ಕಾಗದ ಮುಗಿಯುವುದಿಲ್ಲ, ಬರೆಯಲು ಹೋದರೆ ತಲೆ ಗಿರ್ರೆನ್ನುತ್ತದೆ. ನೆಲ್ಸ್ ಇಪ್ಪತ್ತೊಂಬತ್ತು ವರ್ಷ ಲಿಂಡ್‌ಹೋಮ್ ತಂಡಕ್ಕೆ ತರಬೇತಿ ಕೊಟ್ಟು, ಇದೇ ಕೊನೆಯ ವರ್ಷ ಎಂದು ಹೇಳಿದ್ದ. ಅಷ್ಟು ವರ್ಷದಲ್ಲಿ ಒಂದು ಸಲವೂ ಒಕ್ಕೂಟದ ಪಟ್ಟ ಅವನಿಗೆ ಸಿಕ್ಕಿರಲಿಲ್ಲ. ಆ ದಿನ ನಮ್ಮ ಜಿಮ್‌ನಲ್ಲಿ ನಮ್ಮನ್ನು ಸೋಲಿಸಿದರೆ ಪಟ್ಟ ಅವನದು. ಒಂಬತ್ತು ಸೆಕೆಂಡು ಉಳಿದಿತ್ತು, ನೀವು ಒಂದು ಅಂಕ ಮುಂದಿದ್ದಿರಿ. ನಿಮ್ಮ ಹುಡುಗನೂ ನಮ್ಮ ಹುಡುಗನೂ ಒಟ್ಟಿಗೆ ಚೆಂಡು ಹಿಡಿದು ಜಗ್ಗಾಡಿ ಇಬ್ಬರೂ ಬಿಡಲಿಲ್ಲ. ರೆಫರಿ ಸೀಟಿ ಊದಿದ. ಹಾಗಾದಾಗ ಚೆಂಡು ಯಾರಿಗೆಂದು ಹೇಳುವುದು ಮೇಜಿನ ಮೇಲಿನ ಬಾಣ. ಒಂದು ಸಲ ಅವರಿಗೆ, ಒಂದು ಸಲ ಇವರಿಗೆ, ಬಾಣ ಯಾವ ಬುಟ್ಟಿಯ ಕಡೆ ತೋರಿಸುತ್ತದೋ ಆ ಬುಟ್ಟಿಗೆ ಆಡುವವರಿಗೆ ಚೆಂಡು. ಬಾಣ ತಿರುಗಿಸುವ ಕೆಲಸ ನನ್ನದು. ಬಾಣ ನಮ್ಮ ಕಡೆ ತೋರಿಸುತ್ತಿತ್ತು.

ನೀನು ತಕ್ಷಣ, "ಅಣ್ಣಾ, ತಪ್ಪಿದೆ. ವಿರಾಮದ್ಮೇಲೆ ನೀನು ಒಂದೇ ಸಲ ತಿರುಗ್ಸಿದ್ದು" ಎಂದೆ. ಅಲ್ಲೇ ಇದೆ ನೋಡು ಈ ಬಾಣದ ಕಾಟ. ವಿರಾಮ ಮುಗಿದು ತಂಡಗಳು ಬುಟ್ಟಿ ಅದಲು ಬದಲು ಮಾಡಿಕೊಂಡದ್ದಕ್ಕೆ ಒಂದು ಸಲ ತಿರುಗಿಸಬೇಕು. ದ್ವಿತೀಯಾರ್ಧದ ಮೊದಲ ಚೆಂಡೂ ಬಾಣ ತೋರಿಸಿದವರಿಗೇ, ಅವರು ಅದನ್ನು ಒಳಗೆ ಎಸೆದು ಆಟ ಶುರುವಾದ ಮೇಲೆ, ಅವರ ಪಾಳಿ ಮುಗಿಯಿತು ಎಂದು ಇನ್ನೊಂದು ಸಲ ತಿರುಗಿಸಬೇಕು. ಎರಡು ಸಲ ತಿರುಗಿಸಿದರೆ ಬಾಣ ಮೊದಲು ಇದ್ದ ಹಾಗೇ ಕಾಣುತ್ತದೆ, ತಿರುಗಿಸದೇ ಇದ್ದ ಹಾಗೆ. ಈ ಮೇಜಿನಲ್ಲಿ ಕೂತ ಪ್ರತಿಯೊಬ್ಬನೂ ಒಂದಲ್ಲ ಒಂದು ದಿನ ಇದರಲ್ಲಿ ಎಡವಿದ್ದಾನೆ. ಮೊದಲನೆಯ ಸಲ ತಿರುಗಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಆಗಲೇ ಚರ್ಚಿನ ಹೆಂಗಸರು ಮೇಜಿಗೆ ಚೆರ್ರಿ ಪೈ ತಂದರು. ನಾನು ನಿನ್ನ ತಟ್ಟೆಯನ್ನು ನಿನ್ನ ಕಡೆ ಸರಿಸಿದೆ, ಅಷ್ಟರಲ್ಲಿ ಆಟ ಶುರುವಾಗಿತ್ತು. ಆಮೇಲೆ ತಿರುಗಿಸಿದೆನೇ? ತಿರುಗಿಸಿದೆನೆಂದೇ ಅಂದುಕೊಳ್ಳುತ್ತೇನೆ. ಆ ಅರ್ಧದಲ್ಲಿ ಅದುವರೆಗೆ ಒಂದೂ ಜಗ್ಗಾಟ ಆಗಿರಲಿಲ್ಲವಾದ್ದರಿಂದ ಯಾರೂ ಬಾಣದ ಕಡೆ ನೋಡಿರಲಿಲ್ಲ. ನಿನ್ನ ಪುಸ್ತಕದ ಪಾಳಿ ಬರೆಯುವ ಚೌಕದಲ್ಲಿ ಮುಂದಿನದು ಲಿಂಡ್‌ಹೋಮ್ ಎಂದಿತ್ತು, ನನ್ನ ಪುಸ್ತಕದ ಚೌಕದಲ್ಲಿ ಬರ್ಗ್‌ಟಾಲ್ ಎಂದಿತ್ತು. ರೆಫರಿ ಎರಡನ್ನೂ ನೋಡಿ, "ಆಟ ನಡೀತಿರೋ ಮನೆಯವರ ಪುಸ್ತಕವೇ ಪ್ರಮಾಣ, ತಾಯಿ" ಎಂದ. ನಮ್ಮವರಿಗೆ ಚೆಂಡು ಸಿಕ್ಕಿತು, ಎರಡು ಅಂಕ ಬಂತು, ಆಟ ಮುಗಿಯಿತು. ನೀನು ಪೆನ್ನಿನ ಮುಚ್ಚಳ ಹಾಕಿ, ಪುಸ್ತಕ ಮಡಚಿ, ನನ್ನ ಕಡೆ ನೋಡದೆ ಎದ್ದು ಹೋದೆ. ಪೈ ಹಾಗೇ ಇತ್ತು.

ನೆಲ್ಸ್ ಮಾತ್ರ ಬಂದು ಕೈ ಕುಲುಕಿದ. "ಬಿಡು ಆರ್ಲೋ, ಅದಕ್ಕೆ ಮುಂಚೆ ಆರು ಫ್ರೀ ಥ್ರೋ ಹಾಳು ಮಾಡಿದ್ರಲ್ಲ ನಮ್ ಹುಡುಗ್ರು, ಅದಕ್ಕೆ ಯಾವ ಬಾಣನ ಬೈಲಿ?" ಎಂದು ನಕ್ಕ. ಆಮೇಲೆ ಪದ್ಧತಿಯಂತೆ ಎರಡೂ ತಂಡಕ್ಕೆ ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ ಊಟ ಇತ್ತಲ್ಲ, ಅಲ್ಲಿಗೂ ಬಂದ. ನೀನು ಹೊರಗೆ ಕಾರಿನಲ್ಲೇ ಕೂತಿದ್ದೆ. ಅವನು ಒಂದೇ ಕಡುಬು ತಿಂದ, ಒಂಬತ್ತು ತಿನ್ನುವವನು. ಮರುವರ್ಷ ಜನವರಿಯಲ್ಲಿ ತೀರಿಹೋದ. ನಿಮ್ಮ ಚರ್ಚಿನಲ್ಲಿ ನಾನು ಕೊನೆಯ ಸಾಲಿನಲ್ಲಿ ಕೂತಿದ್ದೆ. ಬಾಗಿಲ ಬಳಿ ನೀನು ಎಲ್ಲರಿಗೂ ಕೊಟ್ಟ ಹಾಗೆ ನನಗೂ ಕೈ ಕೊಟ್ಟು, "ಬಂದಿದ್ದಕ್ಕೆ ಥ್ಯಾಂಕ್ಸ್" ಎಂದೆ. ನನ್ನ ಹಿಂದೆ ನಿಂತಿದ್ದ ವಿಮೆ ಏಜೆಂಟನಿಗೂ ಅದನ್ನೇ ಅಂದೆ. ಆವತ್ತು ಮನೆಗೆ ಬಂದು ನಾನು ಅತ್ತೆ. ನೆಲ್ಸ್‌ಗೋಸ್ಕರವೋ, ನಿನಗೋಸ್ಕರವೋ, ನನಗೋಸ್ಕರವೋ, ಈಗಲೂ ಹೇಳಲಾರೆ.

ಇನ್ನೊಂದು ಸುದ್ದಿ. ಹೊಸ ಕಾಲೇಜಿನ ಗ್ರಂಥಾಲಯದಲ್ಲಿ ಒಂದು ಗಾಜಿನ ಕಪಾಟು ಮಾಡಿ ಎರಡೂ ಕಾಲೇಜಿನ ಹಳೆಯ ಅಂಕದ ಪುಸ್ತಕಗಳನ್ನು ಇಡುತ್ತಾರಂತೆ. ನಾನು ನೆಲಮಾಳಿಗೆಯಿಂದ ಮೂರು ಪೆಟ್ಟಿಗೆ ಇಳಿಸಿ, ಅಲ್ಲ, ಹತ್ತಿಸಿ ಕೊಟ್ಟೆ. (ನೋಡು, ಮೇಲು ಕೆಳಗೂ ತಿಳಿಯದಂತಾಗಿದೆ.) ಕೇಲಿನ್ ಪಟ್ಟಿ ಮಾಡಿಕೊಂಡು, "ಎಲ್ಲಾ ಇದೆ, ೨೦೧೯ರದ್ದು ಒಂದು ಇಲ್ವಲ್ಲ" ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಸುಮ್ಮನೆ ಕೆಮ್ಮಿ, ಮನೆ ಬದಲಿಸುವಾಗ ಎಲ್ಲೋ ಹೋಯಿತು ಎಂದೆ. "ನೀವು ನಲವತ್ತು ವರ್ಷದಿಂದ ಇದೇ ಮನೇಲಿ ಇದ್ದೀರಲ್ಲ?" ಎಂದಳು. ಚುರುಕು ಹುಡುಗಿ. ನಿನಗೆ ಹಿಡಿಸುತ್ತಾಳೆ.

ಇಷ್ಟೇ ವಿಷಯ. ಯಾವ ಒಕ್ಕೂಟ ಮುಗಿಯಿತು, ಯಾವುದು ಹುಟ್ಟಿತು, ಯಾರು ನಮ್ಮವರು, ಯಾರು ನಿಮ್ಮವರು, ನನಗೆ ಒಂದೂ ಹಿಡಿತಕ್ಕೆ ಸಿಗುತ್ತಿಲ್ಲ. ನನಗೆ ತಿಳಿದಿರುವುದು ಮೇಜಿನ ಹಿಂದೆ ಎರಡು ಕುರ್ಚಿ ಇಡುತ್ತಾರೆ, ಎಡಗಡೆಯದು ನನ್ನದು ಎಂಬುದು. ನೀನು ನನ್ನ ಬಲಕ್ಕೆ ಕೂತರೆ ನೀನು ಹೇಳುವ ಪ್ರತಿ ಅಂಕವೂ ನನಗೆ ಕೇಳಿಸುತ್ತದೆ. ಆಟ ಮೂರು ಗಂಟೆಗೆ. ಪೆಪ್ಪರ್‌ಮಿಂಟ್ ತರುತ್ತೇನೆ. ಸೊಂಟಕ್ಕೆ ಮೆತ್ತೆ ಬೇಕಾದರೆ ಮೆಲ್ವಾ ಹೊಲಿದಿಟ್ಟಿದ್ದಾಳೆ, ಬಣ್ಣ ನೀಲಿ-ಹಳದಿ. ಅವಳ ಪ್ರೀತಿ ನಿನಗೆ. ಹಿಮ ಕರಗಿ ರಾತ್ರಿ ಗಟ್ಟಿಯಾಗುತ್ತಿದೆ, ಮೆಟ್ಟಿಲಿಗೆ ಉಪ್ಪು ಹಾಕಿಕೋ, ನಿಧಾನ ನಡೆ. ದೇವರು ನಿನ್ನನ್ನು ಎಡವದಂತೆ ಕಾಯಲಿ.

ನಿನ್ನ ಅಣ್ಣ,
ಆರ್ಲೋ ಶ್ರಾಗ್

ತಾ.ಕ.: ಲಕೋಟೆ ಅಂಟಿಸಿದ್ದೆ, ಹರಿದು ಮತ್ತೆ ಬರೆಯುತ್ತಿದ್ದೇನೆ. ಅಂಚೆ ಗಾಡಿ ಆಗಲೇ ಪಕ್ಕದ ಬೀದಿಗೆ ಬಂದಿದೆ. ಆ ಪುಸ್ತಕ ಕಳೆದಿಲ್ಲ. ನನ್ನ ಹತ್ತಿರವೇ ಇದೆ, ಅಡುಗೆಮನೆಯ ಮೇಜಿನ ಮೇಲೆ, ಈ ಕಾಗದದ ಪಕ್ಕದಲ್ಲೇ. ಟ್ವೈಲಾ, ನಾನು ಒಂದೇ ಸಲ ತಿರುಗಿಸಿದ್ದು. ನೀನು ಹೇಳಿದ ಆ ಕ್ಷಣವೇ ನನಗೆ ಗೊತ್ತಾಯಿತು, ತಿರುಗಿಸಿದೆನೆಂದು ಅಂದುಕೊಳ್ಳುತ್ತೇನೆ ಎಂದು ಮೇಲೆ ಬರೆದದ್ದು ಸುಳ್ಳು. ನನ್ನ ಚೌಕ ಖಾಲಿ ಇತ್ತು. ನೀನು ರೆಫರಿಯ ಕಡೆ ತಿರುಗಿದಾಗ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಬರ್ಗ್‌ಟಾಲ್ ಎಂದು ತುಂಬಿದೆ. ಎದುರಿಗೆ ನಮ್ಮೂರಿನ ಎಂಟುನೂರು ಜನ ಎದ್ದು ನಿಂತಿದ್ದರು, ತಪ್ಪು ನನ್ನದು ಎನ್ನಲು ಬಾಯಿ ಬರಲಿಲ್ಲ. ಪುಟವೆಲ್ಲ ನೀಲಿ ಶಾಯಿ, ಅದೊಂದು ಪದ ಪೆನ್ಸಿಲಿನದು, ಆ ಗದ್ದಲದಲ್ಲಿ ರೆಫರಿ ಗಮನಿಸಲಿಲ್ಲ, ಈಗ ಯಾರು ನೋಡಿದರೂ ತಿಳಿಯುತ್ತದೆ. ನೆಲ್ಸ್ ಆ ರಾತ್ರಿ ಊಟಕ್ಕೆ ಬಂದಾಗ ಹೇಳಬಹುದಿತ್ತು, ಹೇಳಲಿಲ್ಲ. ಅದು ಇನ್ನು ಸರಿಹೋಗುವುದಿಲ್ಲ. ಶನಿವಾರ ಪುಸ್ತಕ ತಂದು ಎಲ್ಲರೆದುರು ಕೇಲಿನ್ ಕೈಗೆ ಕೊಡುತ್ತೇನೆ, ಏಕೆಂದು ನಾನೇ ಹೇಳುತ್ತೇನೆ, ನೀನು ಬಂದರೂ ಸರಿ, ಬರದಿದ್ದರೂ ಸರಿ. ಆದರೆ ಬಾ. ಬಾಣ ನಾನು ಮುಟ್ಟುವುದಿಲ್ಲ, ನೀನೇ ತಿರುಗಿಸು. ಆಟ ನಿಮ್ಮ ಮನೆಯದು, ಈ ಸಲ ನಿನ್ನ ಪುಸ್ತಕವೇ ಪ್ರಮಾಣ.